ಊದುಗೊಳವೆ

ಬೊಹೀಮಿಯಾದ ಆ ಊರಲ್ಲಿ ಉಸಿರಿಗೆ ಸಂಬಳ.
ಸಾದಾ ಬಟ್ಟಲಿಗೆ ಇಷ್ಟು, ಕಾಲಿರುವ ಬಟ್ಟಲಿಗೆ ಇಷ್ಟು,
ಒಡೆದದ್ದಕ್ಕೆ ಏನೂ ಇಲ್ಲ.

ಕುಲುಮೆಯ ಮುಂದೆ ಮೂವರು, ಕೊಳವೆ ಒಂದೇ.
ಮೊದಲು ವೆಂಡೆಲಿನ್ ಊದುತ್ತಾನೆ, ನಿಂಬೆಹಣ್ಣಿನಷ್ಟಾಗುವ ತನಕ;
ಆಮೇಲೆ ಕ್ರಿಶ್ಟೋಫ್, ಮೋಸಂಬಿಯಷ್ಟು
(ಆ ಚಳಿಯಲ್ಲಿ ಎರಡೂ ಬೆಳೆಯುವುದಿಲ್ಲ, ಅಳತೆ ನನ್ನದು);
ಕೊನೆಗೆ ಹುಡುಗ ರಾದಿಮ್, ಅಚ್ಚಿನೊಳಗೆ, ಕೆನ್ನೆ ಉಬ್ಬಿಸಿ.
ತುಟಿಯಿಂದ ತುಟಿಗೆ ಹೋಗುವಾಗ ಯಾರೂ ಒರೆಸುವುದಿಲ್ಲ.
ಪುರುಸೊತ್ತೆಲ್ಲಿ?
ಗಾಜು ಕಾಯುವುದಿಲ್ಲ, ಜೇನಿನ ಹಾಗೆ ಜೋತುಬೀಳುತ್ತದೆ.

ಎಂಜಲು ಅನ್ನುವ ಮಾತು ಅವರ ನುಡಿಯಲ್ಲಿಲ್ಲ.
ಇದ್ದಿದ್ದರೆ ಚೆನ್ನಿತ್ತು ಎಂದು ಬರೆಯಲು ಹೊರಟೆ,
ಬರೆಯಲಿಲ್ಲ.
ನಮ್ಮಲ್ಲಿ ಆ ಮಾತು ಯಾರ್ಯಾರನ್ನು ಜಗಲಿಯಾಚೆ ಕೂರಿಸಿತ್ತು
ಎಂಬುದೂ ನೆನಪಾಯಿತು.

ಜನವರಿಯಲ್ಲಿ ವೆಂಡೆಲಿನ್‌ಗೆ ಕೆಮ್ಮು.
ಹೊಗೆ, ಅಂದ. ಬೂದಿ, ಅಂದ.
ಹಳೆಯ ಕೆಮ್ಮು, ನನ್ನ ಮದುವೆಗೂ ಬಂದಿತ್ತು, ಅಂದ.
ರಜೆ ಹಾಕಿದರೆ ಮೊದಲ ಮೂರು ದಿನ ಕಾಸಿಲ್ಲ.
ನಾನೂರು ಬಟ್ಟಲು ವಿಯೆನ್ನಾದ ಯಾವುದೋ ಮದುವೆಗೆ ಹೋಗಬೇಕಿತ್ತು.
ಕೆಮ್ಮು ಒತ್ತರಿಸಿದಾಗ ಸೌದೆಯ ಕಡೆ ತಿರುಗುತ್ತಿದ್ದ,
ಕೆಮ್ಮಿ, ನುಂಗಿ, ಮತ್ತೆ ಕೊಳವೆಗೆ ಬಾಯಿಡುತ್ತಿದ್ದ.
ಯಾರೂ ಉಸಿರೆತ್ತಲಿಲ್ಲ,
ದಿನವಿಡೀ ಉಸಿರನ್ನೇ ಮಾರುವವರು.

ಒಂಬತ್ತನೆಯ ದಿನ ರಾದಿಮ್‌ನ ಬಟ್ಟಲು ಅರ್ಧಕ್ಕೇ ನಿಂತಿತು.
ಹುಡುಗ ಕೊಳವೆ ಕೆಳಗಿಟ್ಟು
ಕುಲುಮೆಯೆದುರಿಗೇ ಕೂತು, ಚಳಿ, ಚಳಿ, ಅಂದ.

ದಾದಿ ದ್ರಾಹೊಮೀರಾ ಬಂದಳು, ಹಿಮದ ಬೂಟು ಕಳಚದೆ.
ಮೊದಲು ಹುಡುಗನನ್ನು ನೋಡಿದಳು, ಆಮೇಲೆ ಕಿಟಕಿಗಳನ್ನು.
ತೆಗೆಯಿರಿ.
ಮೇಸ್ತ್ರಿ ಓತಕರ್ ನಕ್ಕ: ಗಾಳಿ ಹೊಕ್ಕರೆ ಗಾಜು ಬಿರಿಯುತ್ತದೆ ತಾಯಿ,
ಮೂವತ್ತು ವರ್ಷದಿಂದ ಆ ಚಿಲಕ ಮುಟ್ಟಿಲ್ಲ.
ಬಿರಿದ ಗಾಜನ್ನು ಏನು ಮಾಡುತ್ತೀರಿ?
ಮತ್ತೆ ಕುಲುಮೆಗೆ ಹಾಕುತ್ತೇವೆ.
ಸರಿ, ಅಂದಳು.
ಸುತ್ತಿಗೆ ಕೇಳಿದಳು.

ಮೂರು ಕಿಟಕಿ ತೆರೆದವು. ಹನ್ನೊಂದು ಬಟ್ಟಲು ಬಿರಿದವು,
ಒಂದೊಂದೂ ಟಿಣ್ ಎಂದು, ಲೆಕ್ಕ ಒಪ್ಪಿಸುವ ಹಾಗೆ.
ಓತಕರ್ ಬೈದುಕೊಂಡೇ ತಗಡಿನ ಮರೆ ಕಟ್ಟಿಸಿದ,
ಮೇಲಿನ ಕಿಟಕಿ ತೆರೆದು ಕೆಳಗಿನದು ಮುಚ್ಚಿ ನೋಡಿದ;
ಹನ್ನೊಂದು ಐದಕ್ಕಿಳಿಯಿತು, ವಾರದಲ್ಲಿ ಎರಡಕ್ಕೆ.
ಅರ್ಧಕ್ಕೆ ನಿಂತ ಆ ಬಟ್ಟಲನ್ನು ದ್ರಾಹೊಮೀರಾ ಒಯ್ದಳು,
ಥರ್ಮಾಮೀಟರು ಇಟ್ಟುಕೊಳ್ಳಲು.

ಕೊಳವೆಯ ಬಾಯಿಗೆ ಹಿತ್ತಾಳೆಯ ಮೂತಿ ಬಂತು, ತಲೆಗೊಂದು,
ಗೋಡೆಯಲ್ಲಿ ಸಾಲು ಮೊಳೆ, ಮೊಳೆಯ ಕೆಳಗೆ ಹೆಸರು.
ಬದಲಿಸಲು ನಾಲ್ಕು ಎಣಿಸುವಷ್ಟು ಹೊತ್ತು.
ಆ ನಾಲ್ಕರ ಬಗ್ಗೆ ಕ್ರಿಶ್ಟೋಫ್ ಫೆಬ್ರವರಿಯಿಡೀ ಗೊಣಗಿದ.

ಕಾಸಿನ ಮಾತು ಅಷ್ಟು ಬೇಗ ಮುಗಿಯಲಿಲ್ಲ.
ಜ್ವರ ಬಂದವನಿಗೆ ಮೊದಲ ದಿನದಿಂದಲೇ ಕೂಲಿ ಎಂದು
ಓತಕರ್ ಬಾಗಿಲ ಮೇಲೆ ಬರೆದದ್ದು ಸೀಮೆಸುಣ್ಣದಲ್ಲಿ,
ಬೇಕಾದಾಗ ಒರೆಸಲು ಬರುವ ಹಾಗೆ.
ರಾತ್ರಿ ಯಾರೋ ಅದರ ಮೇಲೆಯೇ
ಎಣ್ಣೆಬಣ್ಣದಲ್ಲಿ ತಿದ್ದಿಬಿಟ್ಟರು.

ವೆಂಡೆಲಿನ್ ಹದಿನಾರು ದಿನ ಮನೆಯಲ್ಲಿ ಕೂತ, ಜೀವಮಾನದಲ್ಲಿ ಮೊದಲ ಸಲ.
ಹೆಂಡತಿ ಬ್ಲಾಜೆನಾ ಹೇಳುತ್ತಾಳೆ:
ಬಿಸಿ ಚಹಾ ಆರಿಸಲು ಊದುವಾಗಲೂ
ಲೋಟ ತಿರುಗಿಸುತ್ತಲೇ ಇದ್ದನಂತೆ.

ರಾದಿಮ್ ಬಂದದ್ದು ಈಸ್ಟರ್ ಕಳೆದು,
ಅಂಗಿ ಬೇರೆಯವನದೋ ಎಂಬಷ್ಟು ತೆಳ್ಳಗೆ.
ಮುದುಕ ಎದುರು ನಿಂತು ಏನೋ ಹೇಳಲು ಬಾಯಿ ತೆರೆದ,
ಮುಚ್ಚಿದ.
ಮೊಳೆಯಿಂದ ಹುಡುಗನ ಮೂತಿ ಇಳಿಸಿ
ಕುದಿಯುವ ನೀರಲ್ಲಿ ಅದ್ದಿ, ಆರುವ ತನಕ ಕಾದು,
ಒಗೆದ ಬಟ್ಟೆಯಲ್ಲಿ ಹಿಡಿದು ಕೊಟ್ಟ.

ಹುಡುಗ ಊದಿದ.
ನಿಂಬೆಹಣ್ಣಿನಷ್ಟಾಯಿತು.
ಇವತ್ತಿಗೆ ಸಾಕು, ಅಂದ ವೆಂಡೆಲಿನ್,
ಕೊಳವೆ ತನ್ನ ಕಡೆ ಎಳೆದುಕೊಂಡು,
ತಿರುಗಿಸುತ್ತಲೇ ಮೂತಿ ಬದಲಿಸುತ್ತ:
ಒಂದು, ಎರಡು, ಮೂರು.